ಕಾಯಿಸಿ ನೇರ್ಪಡಿಸಿದ ಉಕ್ಕಿನ ತೊಲೆಗೆ ಒತ್ತಡಶಮನ ಅಗತ್ಯವೆ? – ಒಂದು ಪ್ರಶ್ನೆಯ ಇತಿಹಾಸ

೧. ಪ್ರಶ್ನೆಯ ಸ್ವರೂಪ

ಬೆಸುಗೆಯಿಂದ ಕಟ್ಟಿದ ಉಕ್ಕಿನ ತೊಲೆಯು ಕಾರ್ಖಾನೆಯಲ್ಲಿಯೇ ಬೆಸುಗೆಯ ಬಿಸಿಗೆ ಸಿಕ್ಕಿ ಸೊಟ್ಟಗಾಗುವುದುಂಟು. ಸೇತುವೆಯಲ್ಲಿ ನೆಲೆಗೊಂಡ ಬಳಿಕ, ಅಡಿಯಲ್ಲಿ ಹಾಯುವ ಎತ್ತರದ ಲಾರಿಯ ಹೊಡೆತದಿಂದ ಬಾಗುವುದೂ ಉಂಟು. ಎರಡು ಸಂದರ್ಭಗಳಲ್ಲಿಯೂ ತೊಲೆಯನ್ನು ಕಿತ್ತುಹಾಕದೆ, ಆಯ್ದ ಎಡೆಗಳಲ್ಲಿ ಅನಿಲಜ್ವಾಲೆಯಿಂದ ಕಾಯಿಸಿ, ತಣಿಯಲು ಬಿಟ್ಟು, ಅದನ್ನು ಮರಳಿ ನೇರಕ್ಕೆ ತರುವ ವಿಧಾನವೊಂದು ಬಹುಕಾಲದಿಂದ ಬಳಕೆಯಲ್ಲಿದೆ. ಹೀಗೆ ನೇರವಾದ ತೊಲೆಯ ಹೊರರೂಪವು ಸರಿಹೋಗುತ್ತದೆ. ಆದರೆ ಅದರ ಒಡಲಿನಲ್ಲಿ ಕಣ್ಣಿಗೆ ಕಾಣದ ಒತ್ತಡಗಳು ಉಳಿದುಕೊಳ್ಳುತ್ತವೆ. ಇವನ್ನು ಪ್ರಕೃತ ಲೇಖನದಲ್ಲಿ ‘ಉಳಿಕೆ ಒತ್ತಡ’ಗಳೆಂದು ಕರೆಯುತ್ತೇವೆ. ತೊಲೆಯನ್ನು ಮತ್ತೊಮ್ಮೆ ಇಡಿಯಾಗಿ ಕುಲುಮೆಯಲ್ಲಿ ಕಾಯಿಸಿ ಮೆಲ್ಲಗೆ ತಣಿಸಿದರೆ ಈ ಒತ್ತಡಗಳಲ್ಲಿ ಬಹುಪಾಲು ಅಡಗುತ್ತವೆ. ಇದೇ ‘ಒತ್ತಡಶಮನ’. ಹಾಗಾದರೆ ಕಾಯಿಸಿ ನೇರ್ಪಡಿಸಿದ ತೊಲೆಗಳಿಗೆಲ್ಲ ಒತ್ತಡಶಮನವನ್ನು ಮಾಡಲೇಬೇಕೆ? ಮಾಡದೆ ಬಿಟ್ಟರೆ ಅದು ಅಲಕ್ಷ್ಯವೆ?

ಇದು ಎಂಜಿನಿಯರರಿಗೆ ಸೇರಿದ ಪ್ರಶ್ನೆ; ಇತಿಹಾಸದ ಅಧ್ಯಾಪಕರಿಗೆ ಇದರಲ್ಲಿ ಏನು ಕೆಲಸವೆಂದು ವಾಚಕರು ಕೇಳಬಹುದು. ನಮ್ಮ ಉತ್ತರ ಎರಡು ಬಗೆಯದು. ಮೊದಲನೆಯದಾಗಿ, ಇಂದು ಸಂಹಿತೆಗಳಲ್ಲಿ ನಾಲ್ಕು ಸಾಲಿನ ನಿಯಮವಾಗಿ ನಿಂತಿರುವುದರ ಹಿಂದೆ ಮುರಿದ ಸೇತುವೆಗಳೂ ಸೀಳಿದ ಹಡಗುಗಳೂ ಇವೆ. ಅವುಗಳನ್ನು ಅರಿಯದೆ ನಿಯಮದ ಅರ್ಥ ಪೂರ್ತಿಯಾಗಿ ತಿಳಿಯದು. ಎರಡನೆಯದಾಗಿ, ಈ ಪ್ರಶ್ನೆಯ ಒಡಲಿನಲ್ಲಿರುವುದು ನಮ್ಮ ಶಾಸ್ತ್ರಕ್ಕೆ ಚಿರಪರಿಚಿತವಾದ ಒಂದು ತೊಡಕು: ಒಂದು ಘಟನೆಗೆ ‘ಕಾರಣ’ವಾವುದು, ಬರಿಯ ‘ಸನ್ನಿವೇಶ’ವಾವುದು ಎಂಬುದನ್ನು ಬೇರ್ಪಡಿಸುವುದು. ಉಳಿಕೆ ಒತ್ತಡವನ್ನು ಒಂದು ತಲೆಮಾರು ಮುಖ್ಯ ಅಪರಾಧಿಯೆಂದು ಶಂಕಿಸಿತು. ಮರುತಲೆಮಾರು ಅದನ್ನು ನಿರಪರಾಧಿಯೆಂದು ಬಿಡುಗಡೆ ಮಾಡಿತು. ಮೂರನೆಯದು ಮತ್ತೆ ವಿಚಾರಣೆಗೆ ಕರೆಯಿತು. ಈ ವಿಚಾರಣೆಯ ಕ್ರಮವನ್ನು ಅನುಸರಿಸಿ, ಮೇಲಣ ಪ್ರಶ್ನೆಗೆ ಯಾವ ಉತ್ತರ ದೊರೆಯುತ್ತದೆಂಬುದನ್ನು ವಿವೇಚಿಸುವುದೇ ಪ್ರಕೃತ ಲೇಖನದ ಉದ್ದೇಶ.

೨. ಒತ್ತಡದ ಹುಟ್ಟು

ನಮ್ಮ ಹಳ್ಳಿಗಳಲ್ಲಿ ಎತ್ತಿನ ಗಾಡಿಯ ಮರದ ಚಕ್ರಕ್ಕೆ ಕಬ್ಬಿಣದ ಪಟ್ಟಿಯನ್ನು ತೊಡಿಸುವುದನ್ನು ಕಂಡವರಿಗೆ ಈ ವಿಷಯದ ಮೂಲತತ್ತ್ವ ಹೊಸದಲ್ಲ. ಚಕ್ರದ ಸುತ್ತಳತೆಗಿಂತ ತುಸು ಕಿರಿದಾದ ಪಟ್ಟಿಯನ್ನು ಬೆಂಕಿಯಲ್ಲಿ ಕಾಯಿಸಿದಾಗ ಅದು ಹಿಗ್ಗುತ್ತದೆ. ಹಿಗ್ಗಿದಾಗ ಚಕ್ರಕ್ಕೆ ತೊಡಿಸಿ ನೀರು ಹೊಯ್ದರೆ ಕುಗ್ಗಿ ಮರವನ್ನು ಬಿಗಿಯಾಗಿ ಅಪ್ಪುತ್ತದೆ. ಗಾಡಿಯ ಮೇಲೆ ಯಾವ ಹೇರೂ ಇಲ್ಲದಿರುವಾಗಲೂ ಪಟ್ಟಿಯಲ್ಲಿ ಎಳೆತವೂ ಮರದಲ್ಲಿ ಅದುಮಿಕೆಯೂ ಇದ್ದೇ ಇರುತ್ತವೆ. ಒಂದು ಇನ್ನೊಂದನ್ನು ಸರಿದೂಗಿಸುವುದರಿಂದ ಹೊರಗಿನವರಿಗೆ ಏನೂ ಕಾಣದು.

ಲೋಹದ ಈ ಕುಗ್ಗುವ ಬಲವನ್ನು ಬುದ್ಧಿಪೂರ್ವಕವಾಗಿ ದುಡಿಸಿಕೊಂಡ ನಿದರ್ಶನಗಳು ಬೆಸುಗೆಯ ಯುಗಕ್ಕಿಂತ ಬಹಳ ಹಿಂದಿನವು. ೧೯ನೆಯ ಶತಮಾನದ ಆದಿಭಾಗದಲ್ಲಿ ಪ್ಯಾರಿಸ್ಸಿನ ಕಾನ್ಸರ್ವಾತ್ವಾರ್ ದೆಜಾರ್ ಎ ಮೆತಿಯೆ ಎಂಬ ಸಂಸ್ಥೆಯ ಕಟ್ಟಡದಲ್ಲಿ ಗೋಡೆಗಳು ಹೊರಕ್ಕೆ ವಾಲತೊಡಗಿದಾಗ ಮೊಲಾರ್ ಎಂಬವರು ಅವುಗಳ ನಡುವೆ ಕಬ್ಬಿಣದ ಸರಳುಗಳನ್ನು ಹಾಯಿಸಿ, ಸರಳುಗಳನ್ನು ಕಾಯಿಸಿ, ಹಿಗ್ಗಿದಷ್ಟಕ್ಕೂ ತುದಿಯ ತಿರುಪುಗಳನ್ನು ಬಿಗಿದು, ತಣಿಯುವಾಗಿನ ಕುಗ್ಗುವಿಕೆಯಿಂದಲೇ ಗೋಡೆಗಳನ್ನು ಒಳಕ್ಕೆ ಎಳೆಯಿಸಿದರು. ಅದೇ ಶತಮಾನದ ಮಧ್ಯದಲ್ಲಿ ಅಮೆರಿಕದ ಸೇನಾಧಿಕಾರಿ ಥಾಮಸ್ ರಾಡ್‌ಮನ್ನರು ಎರಕದ ಫಿರಂಗಿಗಳನ್ನು ಟೊಳ್ಳಾಗಿ ಎರೆದು ಒಳಗಿನಿಂದ ನೀರಿನ ಮೂಲಕ ತಣಿಸುವ ವಿಧಾನವನ್ನು ರೂಢಿಗೆ ತಂದರು. ಒಳಪದರವು ಮೊದಲು ಗಟ್ಟಿಯಾಗಿ, ಹೊರಪದರವು ಆಮೇಲೆ ಅದರ ಮೇಲೆ ಕುಗ್ಗಿದುದರಿಂದ ಕೊಳವೆಯ ಒಳಮೈಯಲ್ಲಿ ಅದುಮಿಕೆ ನೆಲೆಸಿ, ಮದ್ದು ಸಿಡಿಯುವಾಗ ಫಿರಂಗಿಯು ಹೆಚ್ಚು ತಾಳಿಕೊಳ್ಳುತ್ತಿತ್ತು. ಈ ಎರಡನೆಯ ನಿದರ್ಶನವನ್ನು ವಾಚಕರು ನೆನಪಿನಲ್ಲಿಡಬೇಕು. ಉಳಿಕೆ ಒತ್ತಡವೆಂದೊಡನೆ ಕೇಡೆಂದು ಬಗೆಯಲಾಗದೆಂಬುದಕ್ಕೆ ಇದು ಸಾಕ್ಷಿ.

ಬೆಸುಗೆಯಲ್ಲಿ ನಡೆಯುವುದೂ ಇಂಥದೇ ಕ್ರಿಯೆ. ಕರಗಿದ ಲೋಹವೂ ಅದರ ಅಕ್ಕಪಕ್ಕದ ಉಕ್ಕೂ ತಣಿಯುವಾಗ ಕುಗ್ಗಲೆಳಸುತ್ತವೆ. ಸುತ್ತಲಿನ ತಣ್ಣನೆಯ ಉಕ್ಕು ಅದಕ್ಕೆ ಎಡೆಗೊಡುವುದಿಲ್ಲ. ಪರಿಣಾಮವಾಗಿ ಬೆಸುಗೆಯ ಸಾಲಿನಲ್ಲಿ ಎಳೆತವೂ ಅದರಿಂದ ದೂರದಲ್ಲಿ ಅದುಮಿಕೆಯೂ ನೆಲೆಗೊಳ್ಳುತ್ತವೆ. ಇದರ ಪ್ರಮಾಣವನ್ನು ಸುಲಭವಾಗಿ ಊಹಿಸಬಹುದು. ಉಕ್ಕು ಪ್ರತಿ ಡಿಗ್ರಿ ಸೆಲ್ಸಿಯಸ್ಸಿಗೆ ತನ್ನ ಉದ್ದದ ಹತ್ತು ಲಕ್ಷದಲ್ಲಿ ಸುಮಾರು ೧೨ ಪಾಲಿನಷ್ಟು ಹಿಗ್ಗುತ್ತದೆ ಅಥವಾ ಕುಗ್ಗುತ್ತದೆ. ಎರಡೂ ತುದಿಗಳನ್ನು ಕದಲದಂತೆ ಹಿಡಿದ ಸರಳೊಂದು ಕೇವಲ ೧೦೦ ಡಿಗ್ರಿ ತಣಿದರೆ ಅದರೊಳಗೆ ಪ್ರತಿ ಚದರ ಮಿಲಿಮೀಟರಿಗೆ ಸುಮಾರು ೨೪೦ ನ್ಯೂಟನ್ನಿನ ಎಳೆತ ಹುಟ್ಟುತ್ತದೆ. ಸಾಧಾರಣ ಮೃದು ಉಕ್ಕು ಮಣಿದು ಶಾಶ್ವತವಾಗಿ ನೀಳವಾಗತೊಡಗುವುದು ಸುಮಾರು ಇಷ್ಟೇ ಒತ್ತಡದಲ್ಲಿ. ಈ ಎಲ್ಲೆಯನ್ನು ‘ಮಣಿತದ ಮಿತಿ’ ಎನ್ನೋಣ. ಬೆಸುಗೆಯ ಲೋಹವು ನೂರಲ್ಲ, ಸಾವಿರಕ್ಕೂ ಹೆಚ್ಚು ಡಿಗ್ರಿ ತಣಿಯುತ್ತದೆ. ಆದುದರಿಂದ ಬೆಸೆದ ತೊಲೆಯಲ್ಲಿ ಬೆಸುಗೆಯ ಬಳಿಯ ಎಳೆತವು ಮಣಿತದ ಮಿತಿಯನ್ನು ಮುಟ್ಟಿಯೇ ಇರುವುದೆಂದು ಭಾವಿಸಬೇಕಾಗುತ್ತದೆ. ಮಿತಿಯನ್ನು ಮುಟ್ಟಿದ ಮೇಲೆ ಉಕ್ಕು ಮಣಿಯುವುದರಿಂದ ಒತ್ತಡವು ಅದಕ್ಕಿಂತ ಬಹಳ ಹೆಚ್ಚಲಾರದು.

ಕಾಯಿಸಿ ನೇರ್ಪಡಿಸುವುದೂ ಇದೇ ತತ್ತ್ವದ ಮೇಲೆ ನಿಂತಿದೆ. ಬಾಗಿದ ತೊಲೆಯ ಉಬ್ಬಿದ ಬದಿಯಲ್ಲಿ ಆಪಿನಾಕಾರದ ಎಡೆಯೊಂದನ್ನು ಕಾಯಿಸುತ್ತಾರೆ. ಕಾದ ಎಡೆಯು ಹಿಗ್ಗಲೆಳಸುತ್ತದೆ; ತಣ್ಣಗಿರುವ ನೆರೆಯ ಲೋಹ ತಡೆಯುತ್ತದೆ; ಬಿಸಿಯಿಂದ ಮೆತ್ತಗಾದ ಎಡೆಯು ತನ್ನಲ್ಲಿಯೇ ದಪ್ಪವಾಗಿ ಗಿಡ್ಡವಾಗುತ್ತದೆ. ತಣಿದಾಗ ಅದು ಮೊದಲಿಗಿಂತ ಕಿರಿದಾಗಿ, ಉಬ್ಬಿದ ಬದಿಯನ್ನು ಕುಗ್ಗಿಸಿ, ತೊಲೆಯನ್ನು ನೇರಕ್ಕೆ ಎಳೆಯುತ್ತದೆ. ಬೆಸುಗೆಯು ಅರಿವಿಲ್ಲದೆ ಮಾಡಿದ ಕೇಡನ್ನು ಜ್ವಾಲೆಯು ಅರಿತು ಮಾಡಿ ತಿದ್ದುತ್ತದೆ. ತಿದ್ದಿದ ಎಡೆಯಲ್ಲಿಯೂ ಎಳೆತದ ಒತ್ತಡ ಉಳಿಯುವುದು ಸಹಜ.

೩. ಮೊದಲ ಶಂಕೆ: ಬೆಲ್ಜಿಯಮ್ಮಿನ ಸೇತುವೆಗಳು

೧೯೩೦ರ ದಶಕದಲ್ಲಿ ಯೂರೋಪಿನ ಸೇತುವೆಗಳು ರಿವೆಟ್ಟನ್ನು ತೊರೆದು ಬೆಸುಗೆಯನ್ನು ಅಪ್ಪಿಕೊಂಡುವು. ಬೆಲ್ಜಿಯಮ್ಮಿನಲ್ಲಿ ಆಲ್ಬರ್ಟ್ ಕಾಲುವೆಯ ಮೇಲೆ, ಆ ನಾಡಿನ ಎಂಜಿನಿಯರು ವೀರೆಂಡೇಲರು ಕಲ್ಪಿಸಿದ, ಕರ್ಣಸರಳುಗಳಿಲ್ಲದೆ ಗಡುಸಾದ ಮೂಲೆಗಳಿಂದಲೇ ನಿಲ್ಲುವ ಚೌಕಟ್ಟಿನ ಸೇತುವೆಗಳನ್ನು ಬೆಸುಗೆಯಿಂದ ಕಟ್ಟಲಾಯಿತು. ಇವುಗಳಲ್ಲೊಂದಾದ ಹ್ಯಾಸೆಲ್ಟ್ ಸೇತುವೆಯು ೧೯೩೮ರ ಮಾರ್ಚ್ ೧೪ರಂದು ದೊಡ್ಡ ಸದ್ದಿನೊಡನೆ ಬಿರಿಯಿತು. ಕೆಲವೇ ನಿಮಿಷಗಳಲ್ಲಿ ತುಂಡಾಗಿ ಕಾಲುವೆಗೆ ಬಿದ್ದಿತು. ಅದೇ ವರ್ಷದ ಜನವರಿಯಲ್ಲಿ ಬರ್ಲಿನ್ನಿನ ಸಮೀಪದ ರ್ಯೂಡರ್ಸ್‌ಡೋರ್ಫ್ ಸೇತುವೆಯ ದಪ್ಪ ತೊಲೆಗಳಲ್ಲಿ ಬಿರುಕುಗಳು ಕಾಣಿಸಿಕೊಂಡಿದ್ದುವು. ೧೯೪೦ರ ಜನವರಿಯ ಕಡು ಚಳಿಯಲ್ಲಿ ಬೆಲ್ಜಿಯಮ್ಮಿನ ಹೆರೆಂಟಲ್ಸ್-ಓಲೆನ್ ಮತ್ತು ಕೌಲಿಲ್ ಸೇತುವೆಗಳೂ ಬಿರಿದುವು, ಆದರೆ ಬೀಳಲಿಲ್ಲ.

ಈ ಸೇತುವೆಗಳು ಹೊಸವು. ಅವು ಹೊತ್ತ ಹೇರು ಲೆಕ್ಕಹಾಕಿದುದಕ್ಕಿಂತ ಮಿಗಿಲಾಗಿರಲಿಲ್ಲ. ಉಕ್ಕು ಮಣಿದು ನೀಳವಾದ ಗುರುತಿಲ್ಲದೆ ಗಾಜಿನಂತೆ ಒಡೆದಿತ್ತು. ಹಳೆಯ ರಿವೆಟ್ಟಿನ ಸೇತುವೆಗಳಿಗೂ ಇವಕ್ಕೂ ಎದ್ದುಕಾಣುವ ವ್ಯತ್ಯಾಸವೆಂದರೆ ಬೆಸುಗೆ; ಬೆಸುಗೆಯೊಡನೆ ಬಂದದ್ದು ಉಳಿಕೆ ಒತ್ತಡ. ಶಂಕೆ ಅದರ ಮೇಲೆ ಬಿದ್ದುದು ಸ್ವಾಭಾವಿಕ. ಬಿಗಿಯಾದ ಮೂಲೆಗಳಲ್ಲಿ ಕುಗ್ಗಲು ಎಡೆಯಿಲ್ಲದ ಬೆಸುಗೆಗಳು ತೊಲೆಯನ್ನು ಒಳಗಿನಿಂದಲೇ ಹರಿದುವೆಂಬ ವಿವರಣೆ ಆಗ ಬಹುಮಂದಿಗೆ ಒಪ್ಪಿಗೆಯಾಯಿತು. ಉಕ್ಕಿನ ಗುಣ, ಫಲಕದ ದಪ್ಪ, ಮೂಲೆಗಳ ರೂಪ, ಚಳಿ ಇವುಗಳ ಮಾತೂ ಬಂದಿತಾದರೂ ಇವುಗಳ ತೂಕವನ್ನು ಒಂದೊಂದಾಗಿ ನಿರ್ಣಯಿಸುವ ಸಾಮಗ್ರಿ ಆಗ ಇರಲಿಲ್ಲ.

ಇಲ್ಲಿ ಇತಿಹಾಸದ ವಿದ್ಯಾರ್ಥಿಯು ಒಂದು ಪ್ರತಿನಿದರ್ಶನವನ್ನು ಮುಂದಿಡಬೇಕು. ೧೯೧೯ರ ಜನವರಿ ೧೫ರಂದು ಅಮೆರಿಕದ ಬಾಸ್ಟನ್ ನಗರದಲ್ಲಿ ಕಾಕಂಬಿಯನ್ನು ತುಂಬಿದ ದೊಡ್ಡ ಉಕ್ಕಿನ ತೊಟ್ಟಿಯೊಂದು ಹಠಾತ್ತನೆ ಒಡೆದು ೨೧ ಜನ ಸತ್ತರು. ಅದು ರಿವೆಟ್ಟಿನಿಂದ ಕಟ್ಟಿದ ತೊಟ್ಟಿ. ಬೆಸುಗೆಯ ಕುಗ್ಗುವಿಕೆಯ ಮಾತೇ ಅಲ್ಲಿ ಇಲ್ಲ. ಉಕ್ಕಿನ ಕಟ್ಟಡವು ಎಚ್ಚರಿಕೆಯಿಲ್ಲದೆ ಒಡೆಯಲು ಬೆಸುಗೆ ಬೇಕೇ ಬೇಕೆಂದಿರಲಿಲ್ಲ. ಆದರೂ ೧೯೩೮ರಲ್ಲಿ ಹೊಸದಾಗಿ ಬಂದದ್ದರ ಮೇಲೆಯೇ ಜನರ ಕಣ್ಣು ನೆಟ್ಟಿತು. ಹೊಸದರ ಬೆನ್ನಿಗೆ ಬಂದ ಕೇಡಿಗೆ ಹೊಸದೇ ಕಾರಣವೆಂದು ಬಗೆಯುವ ಈ ಪ್ರವೃತ್ತಿ ರಾಜಕೀಯ ಇತಿಹಾಸದಲ್ಲಿಯೂ ನಮಗೆ ಅಪರಿಚಿತವಲ್ಲ.

೪. ಹಡಗುಗಳ ಸಾಕ್ಷ್ಯ

ಎರಡನೆಯ ಮಹಾಯುದ್ಧವು ಈ ವ್ಯಾಜ್ಯಕ್ಕೆ ಹೇರಳವಾದ ಸಾಕ್ಷ್ಯವನ್ನು ಒದಗಿಸಿತು. ಅಮೆರಿಕವು ೧೯೪೧ರಿಂದ ೧೯೪೫ರವರೆಗೆ ‘ಲಿಬರ್ಟಿ’ ಜಾತಿಯ ಸರಕುಹಡಗುಗಳನ್ನೇ ೨,೭೧೦ರಷ್ಟು ಕಟ್ಟಿತು. ಬೆಸುಗೆಯಿಲ್ಲದೆ ಈ ವೇಗ ಸಾಧ್ಯವಿರಲಿಲ್ಲ. ೧೯೪೩ರ ಜನವರಿ ೧೬ರಂದು ಆರೆಗಾನಿನ ಪೋರ್ಟ್‌ಲೆಂಡ್ ನಗರದಲ್ಲಿ ‘ಸ್ಕೆನೆಕ್ಟಡಿ’ ಎಂಬ ಹೊಸ ತೈಲಹಡಗು, ಪರೀಕ್ಷಾಯಾನವನ್ನು ಮುಗಿಸಿ ನಿಶ್ಚಲವಾದ ನೀರಿನಲ್ಲಿ ಕಟ್ಟೆಯ ಬದಿಗೆ ನಿಂತಿದ್ದಾಗಲೇ, ಅಟ್ಟದಿಂದ ತಳದ ಸಮೀಪದವರೆಗೆ ಸೀಳಿಹೋಯಿತು. ಗಾಳಿಯ ಉಷ್ಣತೆ ಸೊನ್ನೆಗಿಂತ ಸುಮಾರು ೩ ಡಿಗ್ರಿ ಕೆಳಗಿತ್ತು. ಅಟ್ಟದ ಮೇಲೆ ಆಗ ಇದ್ದ ಲೆಕ್ಕದ ಒತ್ತಡವು ಮಣಿತದ ಮಿತಿಯ ಮೂರರಲ್ಲೊಂದು ಪಾಲನ್ನೂ ಮೀರಿರಲಿಲ್ಲ. ಹೊರಗಿನ ಬಲ ಸಾಲದೆಂದಮೇಲೆ ಒಳಗಿನ ಬಲವೇ ಅದನ್ನು ಸೀಳಿರಬೇಕೆಂಬ ಊಹೆ ಮತ್ತೆ ಬಲಗೊಂಡಿತು.

೧೯೪೩ರಲ್ಲಿ ನೇಮಕವಾದ ವಿಚಾರಣಾ ಮಂಡಲಿಯು ೧೯೪೬ರಲ್ಲಿ ತನ್ನ ವರದಿಯನ್ನು ಒಪ್ಪಿಸಿತು. ಅದು ೪,೬೯೪ ಬೆಸೆದ ಹಡಗುಗಳ ವೃತ್ತಾಂತವನ್ನು ಪರಿಶೀಲಿಸಿತ್ತು. ಇವುಗಳಲ್ಲಿ ೯೭೦ ಹಡಗುಗಳು ಒಂದಲ್ಲ ಒಂದು ಬಗೆಯ ಬಿರುಕಿಗೆ ತುತ್ತಾಗಿದ್ದುವು. ಈ ಎರಡು ಅಂಕೆಗಳನ್ನು ಎದುರುಬದುರಾಗಿ ಇಟ್ಟು ನೋಡಿದರೆ ವಾದದ ತಿರುಳು ತಾನೇ ಹೊರಬೀಳುತ್ತದೆ. ಉಳಿಕೆ ಒತ್ತಡವಿದ್ದುದು ಬಿರಿದ ಹಡಗುಗಳಲ್ಲಿ ಮಾತ್ರವಲ್ಲ. ಬಿರಿಯದೆ ಉಳಿದ ಮೂರುಸಾವಿರದ ಏಳುನೂರಕ್ಕೂ ಹೆಚ್ಚು ಹಡಗುಗಳಲ್ಲಿಯೂ ಅದೇ ಬಗೆಯ ಬೆಸುಗೆಯೂ ಅದೇ ಬಗೆಯ ಒತ್ತಡವೂ ಇದ್ದುವು. ಎಲ್ಲೆಲ್ಲಿಯೂ ಇರುವುದು ಕೆಲವೆಡೆ ಮಾತ್ರ ನಡೆದುದನ್ನು ತಾನೊಂದೇ ವಿವರಿಸಲಾರದು. ಒಡೆತಗಳಿಗೆ ಉಳಿಕೆ ಒತ್ತಡವು ಗಣನೀಯವಾದ ಕಾರಣವಲ್ಲವೆಂಬುದೇ ಮಂಡಲಿಯ ಅಭಿಪ್ರಾಯವಾಯಿತು.

ಹಾಗಾದರೆ ವ್ಯತ್ಯಾಸವೆಲ್ಲಿತ್ತು? ಒಂದು, ರಚನೆಯಲ್ಲಿ. ಲಿಬರ್ಟಿ ಹಡಗುಗಳ ಅಟ್ಟದಲ್ಲಿ ಸರಕು ಇಳಿಸುವ ಬಾಯಿಗಳ ಮೂಲೆಗಳು ಚೌಕವಾಗಿದ್ದುವು. ಬಿರುಕುಗಳು ಅಲ್ಲಿ ಮತ್ತೆ ಮತ್ತೆ ಹುಟ್ಟಿದುವು. ಮೂಲೆಗಳನ್ನು ದುಂಡಗೆ ಮಾಡಿ ಬಲಪಡಿಸಿ, ಬಿರುಕು ಮುಂದುವರಿಯದಂತೆ ಅಲ್ಲಲ್ಲಿ ರಿವೆಟ್ಟಿನ ಪಟ್ಟಿಗಳನ್ನು ಹಾಕಿದ ಮೇಲೆ ಅಪಘಾತಗಳು ಬಹಳ ಕಡಿಮೆಯಾದುವು. ಇನ್ನೊಂದು, ಉಕ್ಕಿನ ಗುಣದಲ್ಲಿ. ಕೇಂಬ್ರಿಜ್ಜಿನಲ್ಲಿ ಕಾನ್‌ಸ್ಟನ್ಸ್ ಟಿಪ್ಪರ್ ಅವರು, ಸಾಮಾನ್ಯ ಉಷ್ಣತೆಯಲ್ಲಿ ಬಾಗಿ ಮಣಿಯುವ ಉಕ್ಕೇ ಒಂದು ಉಷ್ಣತೆಗಿಂತ ಕೆಳಗೆ ಭಿದುರವಾಗುವುದೆಂಬುದನ್ನು ತೋರಿಸಿದರು. ವಾಷಿಂಗ್‌ಟನ್ನಿನ ರಾಷ್ಟ್ರೀಯ ಮಾನಕ ಸಂಸ್ಥೆಯಲ್ಲಿ ಮುರಿದ ಹಡಗುಗಳಿಂದ ತಂದ ಫಲಕಗಳನ್ನು ಬಿರುಕು ಹುಟ್ಟಿದವು, ಬಿರುಕು ಹಾಯ್ದುಹೋದವು, ಬಿರುಕು ಬಂದು ನಿಂತವು ಎಂದು ವಿಂಗಡಿಸಿ ಪರೀಕ್ಷಿಸಲಾಯಿತು. ಕಚ್ಚು ಹಾಕಿದ ತುಂಡನ್ನು ಸುತ್ತಿಗೆಯಿಂದ ಹೊಡೆದು ಮುರಿಯುವ ಚಾರ್ಪಿ ಪರೀಕ್ಷೆಯಲ್ಲಿ, ಬಿರುಕು ಹುಟ್ಟಿದ ಫಲಕಗಳು ಬಿರುಕನ್ನು ತಡೆದ ಫಲಕಗಳಿಗಿಂತ ಕಡಿಮೆ ತಾಳಿಕೆಯನ್ನು ತೋರಿದುವು. ಸುಮಾರು ೨೦ ಜೂಲಿನ ಗೆರೆಯು ಅಂದಿನಿಂದ ಅಳತೆಗೋಲಾಯಿತು. ಹೀಗೆ ವಿಂಗಡಿಸಿದ ಸಾಕ್ಷ್ಯದ ಮುಂದೆ ‘ಒಳಗಿನ ಒತ್ತಡ’ ಎಂಬ ಸರ್ವವ್ಯಾಪಿ ವಿವರಣೆ ಹಿಂದೆ ಸರಿಯಬೇಕಾಯಿತು.

೫. ಮರುವಿಚಾರಣೆ

ವ್ಯಾಜ್ಯ ಇಲ್ಲಿಗೆ ಮುಗಿದಿದ್ದರೆ ನಮ್ಮ ಉತ್ತರವೂ ಸುಲಭವಾಗುತ್ತಿತ್ತು. ಆದರೆ ಒಂದು ತೊಡಕು ಉಳಿದಿತ್ತು. ಪ್ರಯೋಗಶಾಲೆಯಲ್ಲಿ ಬೆಸುಗೆಯಿಲ್ಲದ ಫಲಕವು, ಎಷ್ಟು ತಣಿಸಿ ಎಷ್ಟು ಕಚ್ಚು ಹಾಕಿದರೂ, ಮಣಿತದ ಮಿತಿಯ ಸಮೀಪಕ್ಕೆ ಬಾರದೆ ಸಾಮಾನ್ಯವಾಗಿ ಒಡೆಯುತ್ತಿರಲಿಲ್ಲ. ಹಡಗುಗಳಾದರೋ ಅತ್ಯಲ್ಪ ಒತ್ತಡದಲ್ಲಿಯೇ ಒಡೆದಿದ್ದುವು. ೧೯೫೦ರ ದಶಕದಲ್ಲಿ ಬ್ರಿಟಿಷ್ ಬೆಸುಗೆ ಸಂಶೋಧನ ಸಂಘದ ಅಲನ್ ವೆಲ್ಸರು ಅಗಲವಾದ ಫಲಕಗಳ ಅಂಚುಗಳಿಗೆ ಗರಗಸದಿಂದ ಕಚ್ಚು ಹಾಕಿ, ಆ ಕಚ್ಚನ್ನು ಹಾಯ್ದುಹೋಗುವಂತೆ ಬೆಸೆದು, ತಣಿಸಿ ಎಳೆದರು. ಅವು ಹಡಗುಗಳಂತೆಯೇ ಅಲ್ಪ ಒತ್ತಡದಲ್ಲಿ ಒಡೆದುವು. ಅಂಥವೇ ಫಲಕಗಳನ್ನು ಕುಲುಮೆಯಲ್ಲಿ ಒತ್ತಡಶಮನ ಮಾಡಿ ಎಳೆದಾಗ ಅಲ್ಪ ಒತ್ತಡದಲ್ಲಿ ಒಡೆಯಲಿಲ್ಲ.

ಹಾಗಾದರೆ ೧೯೪೬ರ ಮಂಡಲಿಯು ತಪ್ಪಿತೆ? ಪೂರ್ತಿಯಾಗಿ ಅಲ್ಲ. ವೆಲ್ಸರ ಪ್ರಯೋಗವು ತೋರಿಸಿದುದು ಇಷ್ಟು: ತೀಕ್ಷ್ಣವಾದ ಕಚ್ಚು, ಚಳಿಯಲ್ಲಿ ಭಿದುರವಾಗುವ ಉಕ್ಕು, ಉಳಿಕೆ ಒತ್ತಡ ಈ ಮೂರೂ ಒಂದೆಡೆ ಕೂಡಿದಾಗ ಮೂರನೆಯದರ ಪಾಲು ದೊಡ್ಡದು, ಮೊದಲೆರಡು ಇಲ್ಲದೆಡೆ ಅದು ನಿರುಪದ್ರವಿ. ಅಷ್ಟೇ ಅಲ್ಲದೆ, ಕಚ್ಚಿನ ತುದಿಯ ಉಕ್ಕು ಬೆಸುಗೆಯ ಬಿಸಿಯಲ್ಲಿ ಎಳೆತಕ್ಕೊಳಗಾಗಿ ತನ್ನ ತಾಳಿಕೆಯನ್ನು ಕಳೆದುಕೊಂಡಿತ್ತೆಂದೂ, ಕುಲುಮೆಯು ಒತ್ತಡವನ್ನು ಅಡಗಿಸಿದಂತೆ ಈ ಹಾನಿಯನ್ನೂ ಪರಿಹರಿಸಿತೆಂದೂ ಮುಂದಿನ ಸಂಶೋಧನೆಗಳಿಂದ ತಿಳಿದುಬಂದಿತು. ಒಂದೇ ಚಿಕಿತ್ಸೆಯು ಎರಡು ರೋಗಗಳನ್ನು ಕಳೆದಾಗ, ಗುಣವಾದುದನ್ನು ನೋಡಿ ರೋಗವಿಂಥದೇ ಎಂದು ನಿರ್ಧರಿಸಲಾಗದು.

ಮೆಲ್ಬರ್ನ್ ನಗರದ ಕಿಂಗ್ಸ್ ಸೇತುವೆಯು ಈ ಸಹಕಾರದ ಸ್ವರೂಪವನ್ನು ಬಯಲಿಗಿಟ್ಟಿತು. ೧೯೬೧ರಲ್ಲಿ ತೆರೆದ ಈ ಸೇತುವೆಯು ೧೯೬೨ರ ಜುಲೈ ೧೦ರಂದು, ಸುಮಾರು ೪೫ ಟನ್ ತೂಕದ ವಾಹನವೊಂದು ಹಾಯುತ್ತಿದ್ದಾಗ ಕುಸಿಯಿತು. ೧೯೬೩ರಲ್ಲಿ ವರದಿ ಒಪ್ಪಿಸಿದ ರಾಯಲ್ ಆಯೋಗದ ಮುಂದೆ ಬಂದ ಸಂಗತಿಗಳು ಕಣ್ತೆರೆಸುವಂಥವು. ತೊಲೆಯ ಕೆಳಪಟ್ಟಿಗೆ ಬೆಸೆದ ಹೆಚ್ಚುವರಿ ಫಲಕಗಳ ತುದಿಯ ಅಡ್ಡಬೆಸುಗೆಗಳಲ್ಲಿ ಬಿರುಕುಗಳು ಕಾರ್ಖಾನೆಯಲ್ಲಿಯೇ ಹುಟ್ಟಿದ್ದುವು. ಉಕ್ಕು ಬೆಸುಗೆಗೆ ಸುಲಭವಾಗಿ ಒಗ್ಗುವಂಥದಾಗಿರಲಿಲ್ಲ. ತಪಾಸಣೆಯಲ್ಲಿ ಬಿರುಕುಗಳು ಕಣ್ತಪ್ಪಿದ್ದುವು. ಇಲ್ಲಿ ಕೊರತೆಯಾದುದು ಕುಲುಮೆಯಲ್ಲ. ತಕ್ಕ ಉಕ್ಕು, ತಕ್ಕ ಬೆಸುಗೆ, ನೋಡುವ ಕಣ್ಣು.

೬. ಅಳತೆಯ ಯುಗ

ಇದರ ಜೊತೆಜೊತೆಯಲ್ಲಿಯೇ ಪೆನ್ಸಿಲ್ವೇನಿಯದ ಲೀಹೈ ವಿಶ್ವವಿದ್ಯಾನಿಲಯದಲ್ಲಿ ಪ್ರಶ್ನೆಯನ್ನು ಬೇರೊಂದು ಕಡೆಯಿಂದ ಎತ್ತಿಕೊಳ್ಳಲಾಗಿತ್ತು. ಒಡೆಯದೆ, ಅದುಮಿಕೆಗೆ ಸಿಕ್ಕಿ ಪಕ್ಕಕ್ಕೆ ಬಾಗಿ ಸೋಲುವ ಕಂಬಗಳ ಗತಿಯೇನು? ಬೀಡಲ್ ಮತ್ತು ಅವರ ಸಹೋದ್ಯೋಗಿಗಳು ೧೯೫೦ರ ದಶಕದಲ್ಲಿ ಉಕ್ಕಿನ ಕಂಬಗಳನ್ನು ಉದ್ದುದ್ದವಾಗಿ ಕೊಯ್ದು, ಬಿಡುಗಡೆಯಾದ ತುಂಡುಗಳ ಉದ್ದ ಬದಲಾದುದನ್ನು ಅಳೆದು, ಒಳಗಿನ ಒತ್ತಡವನ್ನು ಲೆಕ್ಕಹಾಕಿದರು. ಬೆಸುಗೆಯನ್ನೇ ಕಾಣದ ಉರುಳೆಯ ಕಂಬಗಳಲ್ಲಿಯೂ, ಪಟ್ಟಿಯ ಅಂಚುಗಳು ಮೊದಲು ತಣಿದು ನಡುಭಾಗ ಆಮೇಲೆ ತಣಿಯುವ ಕಾರಣದಿಂದ, ಅಂಚುಗಳಲ್ಲಿ ಮಣಿತದ ಮಿತಿಯ ಸುಮಾರು ಮೂರರಲ್ಲೊಂದು ಪಾಲಿನಷ್ಟು ಅದುಮಿಕೆ ಕಂಡುಬಂದಿತು. ಇಂಥ ಕಂಬಗಳು ಬೇಗನೆ ಸೋಲುತ್ತವೆ. ಇದಕ್ಕೆ ವಿದ್ವಾಂಸರು ಕಂಡುಕೊಂಡ ಪರಿಹಾರವೇನು? ಕಂಬಗಳನ್ನೆಲ್ಲ ಕುಲುಮೆಗೆ ಹಾಕುವುದಲ್ಲ. ಉಳಿಕೆ ಒತ್ತಡವಿದೆಯೆಂದೇ ಒಪ್ಪಿಕೊಂಡು ಕಂಬದ ಬಲದ ಸೂತ್ರವನ್ನು ತಿದ್ದುವುದು.

ಮತ್ತೆ ಮತ್ತೆ ಬಂದುಹೋಗುವ ಹೇರಿನಿಂದ ಲೋಹವು ದಣಿದು ಬಿರಿಯುವ ವಿಷಯದಲ್ಲಿಯೂ ಹೀಗೆಯೇ ಆಯಿತು. ಅದೇ ವಿಶ್ವವಿದ್ಯಾನಿಲಯದ ಜಾನ್ ಫಿಷರರೂ ಅವರ ಸಂಗಡಿಗರೂ ೩೭೪ ತೊಲೆಗಳನ್ನು ಪರೀಕ್ಷಿಸಿ ೧೯೭೦ರಲ್ಲಿ ಪ್ರಕಟಿಸಿದ ವರದಿಯಿಂದ ಒಂದು ಹೊಸ ದೃಷ್ಟಿ ನೆಲೆಗೊಂಡಿತು. ಬೆಸೆದ ತೊಲೆಯ ಆಯುಸ್ಸನ್ನು ನಿರ್ಧರಿಸುವುದು ಒತ್ತಡದ ಗರಿಷ್ಠ ಬೆಲೆಯಲ್ಲ. ಪ್ರತಿ ಸಲವೂ ಅದು ಎಷ್ಟರಿಂದ ಎಷ್ಟಕ್ಕೆ ಏರಿಳಿಯುತ್ತದೆಂಬ ಅಂತರ ಮತ್ತು ಬೆಸುಗೆಯ ಜೋಡಣೆಯ ಬಗೆ. ಬೆಸುಗೆಯ ಬಳಿ ಎಳೆತವು ಮಣಿತದ ಮಿತಿಯಲ್ಲಿಯೇ ಇರುವುದರಿಂದ ಹೊರಗಿನ ಹೇರು ಬದಲಾಯಿಸಬಲ್ಲುದು ಈ ಅಂತರವನ್ನು ಮಾತ್ರ. ಅಂದರೆ ಇಂದಿನ ಸೇತುವೆಯ ಲೆಕ್ಕವು ಉಳಿಕೆ ಒತ್ತಡವನ್ನು ಮರೆತಿಲ್ಲ. ಅದನ್ನು ಪೂರ್ಣ ಪ್ರಮಾಣದಲ್ಲಿ ಮುಂಚಿತವಾಗಿಯೇ ಲೆಕ್ಕಕ್ಕೆ ಹಿಡಿದಿದೆ.

೭. ಜ್ವಾಲೆಯ ವಿದ್ಯೆ ಮತ್ತು ಅದರ ಮಿತಿಗಳು

ಕಾಯಿಸಿ ನೇರ್ಪಡಿಸುವ ವಿದ್ಯೆಯು ಬಹುಕಾಲ ಕೈಕಸುಬಾಗಿಯೇ ಇತ್ತು. ಬಲ್ಲವರು ಬರೆಯಲಿಲ್ಲ, ಬರೆಯುವವರು ಬಲ್ಲವರಾಗಿರಲಿಲ್ಲ. ಅಮೆರಿಕದ ಸಿಯಾಟಲ್ ನಗರದ ಜೋಸೆಫ್ ಹೋಲ್ಟ್, ಅವರ ಬಳಿಕ ರಿಚರ್ಡ್ ಹೋಲ್ಟ್ ಇದರ ತತ್ತ್ವಗಳನ್ನು ಬರಹಕ್ಕೆ ಇಳಿಸಿದ ಮೊದಲಿಗರಲ್ಲಿ ಸೇರಿದವರು. ಲೂಯಿಸಿಯಾನ ರಾಜ್ಯ ವಿಶ್ವವಿದ್ಯಾನಿಲಯದ ರಿಚರ್ಡ್ ಅವೆಂಟರು ಮುಂದೆ ಹಲವು ವರ್ಷ ನಡೆಸಿದ ಪ್ರಯೋಗಗಳ ಫಲವಾಗಿ ೧೯೯೮ರಲ್ಲಿ ಅಮೆರಿಕದ ಹೆದ್ದಾರಿ ಆಡಳಿತವು ಸೇತುವೆಯ ತೊಲೆಗಳಿಗಾಗಿ ಒಂದು ಕೈಪಿಡಿಯನ್ನು ಹೊರತಂದಿತು.

ಈ ವಿದ್ಯೆಯ ಮುಖ್ಯ ಕಟ್ಟಳೆಗಳು ಕೆಲವೇ. ಸಾಧಾರಣ ಉಕ್ಕನ್ನು ೬೫೦ ಡಿಗ್ರಿಗಿಂತ ಹೆಚ್ಚು ಕಾಯಿಸಬಾರದು. ಅದ್ದಿ ಹದಗೊಳಿಸಿದ ಉಕ್ಕನ್ನು ಸುಮಾರು ೫೯೦ ಡಿಗ್ರಿಗಿಂತ ಹೆಚ್ಚು ಕಾಯಿಸಬಾರದು. ಉಕ್ಕಿನ ಒಳರಚನೆಯೇ ಮಾರ್ಪಡತೊಡಗುವುದು ೭೨೦ ಡಿಗ್ರಿಯನ್ನು ದಾಟಿದ ಮೇಲೆ. ಮಿತಿಯು ಅದಕ್ಕಿಂತ ಕೆಳಗೆ ನಿಂತಿದೆ. ಸುಮಾರು ೩೧೫ ಡಿಗ್ರಿಗೆ ಇಳಿಯುವವರೆಗೆ ನೀರನ್ನು ಸೋಕಿಸಬಾರದು. ಜಾಕಿನಿಂದ ನೆರವು ಕೊಡಬಹುದು. ಆದರೆ ತೊಲೆಯನ್ನು ಬಲಾತ್ಕಾರದಿಂದ ಬಾಗಿಸಬಾರದು. ಒಂದೇ ಎಡೆಯನ್ನ ಮತ್ತೆ ಮತ್ತೆ ಹೊಡೆತ ತಿಂದಾಗಲೆಲ್ಲ ನೇರ್ಪಡಿಸುತ್ತ ಹೋಗಬಾರದು. ಪ್ರತಿ ಸಲವೂ ಉಕ್ಕು ತನ್ನ ತನ್ಯತೆಯಲ್ಲಿ ಸ್ವಲ್ಪವನ್ನು ಕಳೆದುಕೊಳ್ಳುತ್ತದೆ.

ಇಲ್ಲಿ ಒಂದು ಸ್ವಾರಸ್ಯವನ್ನು ಗಮನಿಸಬೇಕು. ಕುಲುಮೆಯ ಒತ್ತಡಶಮನವು ನಡೆಯುವುದೂ ಸುಮಾರು ೬೦೦ರಿಂದ ೬೫೦ ಡಿಗ್ರಿಯಲ್ಲಿಯೇ; ೨೫ ಮಿಲಿಮೀಟರ್ ದಪ್ಪಕ್ಕೆ ಒಂದು ಗಂಟೆಯಂತೆ ಅಲ್ಲಿ ಹಿಡಿದು ಮೆಲ್ಲಗೆ ತಣಿಸುತ್ತಾರೆ. ಒತ್ತಡವನ್ನು ಹುಟ್ಟಿಸುವ ಬಿಸಿಯೂ ಅಡಗಿಸುವ ಬಿಸಿಯೂ ಬಹುಮಟ್ಟಿಗೆ ಒಂದೇ! ವ್ಯತ್ಯಾಸವಿರುವುದು ಹರಹಿನಲ್ಲಿ. ಒಂದು ಎಡೆಯನ್ನು ಮಾತ್ರ ಕಾಯಿಸಿದರೆ ನೆರೆಯ ತಣ್ಣನೆಯ ಲೋಹ ಅದನ್ನು ತಡೆದು ಒತ್ತಡ ಹುಟ್ಟುತ್ತದೆ. ಇಡಿಯಾಗಿ ಸಮನಾಗಿ ಕಾಯಿಸಿ ಸಮನಾಗಿ ತಣಿಸಿದರೆ ತಡೆಯುವವರಾರೂ ಇಲ್ಲದೆ ಒತ್ತಡ ಕರಗುತ್ತದೆ.

೮. ಉತ್ತರದ ನಿರ್ಣಯ

ಮೇಲಣ ಸಂಗತಿಗಳಿಂದ ನಮ್ಮ ಪ್ರಶ್ನೆಗೆ ದೊರೆಯುವ ಉತ್ತರವನ್ನು ಈಗ ಸಂಗ್ರಹಿಸಬಹುದು. ಸೇತುವೆ ಅಥವಾ ಕಟ್ಟಡದಲ್ಲಿ ನಿಲ್ಲುವ ಸಾಧಾರಣ ಉಕ್ಕಿನ ಬೆಸೆದ ತೊಲೆಯನ್ನು ಕಟ್ಟಳೆಗೆ ಒಳಪಟ್ಟು ಕಾಯಿಸಿ ನೇರ್ಪಡಿಸಿದ್ದರೆ ಅದಕ್ಕೆ ಒತ್ತಡಶಮನ ಸಾಮಾನ್ಯವಾಗಿ ಅಗತ್ಯವಲ್ಲ. ಬೆಸುಗೆಯಿಂದಲೇ ಮಣಿತದ ಮಿತಿಯನ್ನು ಮುಟ್ಟಿದ ಒತ್ತಡಗಳು ಅದರಲ್ಲಿ ಮೊದಲೇ ಇದ್ದುವು. ಜ್ವಾಲೆಯು ಅವುಗಳ ಹಂಚಿಕೆಯನ್ನು ಬದಲಿಸಬಲ್ಲುದೇ ಹೊರತು ಆ ಮಿತಿಯನ್ನು ಹೆಚ್ಚಾಗಿ ದಾಟಲಾರದು. ಹೇರಿನ ಲೆಕ್ಕವೂ ದಣಿವಿನ ಲೆಕ್ಕವೂ ಅಂಥ ಒತ್ತಡವಿದೆಯೆಂದೇ ಮಾಡಿದವು.

ಅಗತ್ಯವಿಲ್ಲವೆಂಬುದಷ್ಟೇ ಅಲ್ಲ, ಕೆಲವೆಡೆ ಶಮನವೇ ಕೇಡಾಗಬಹುದು. ೬೫೦ ಡಿಗ್ರಿಯಲ್ಲಿ ಉಕ್ಕಿನ ಬಲ ಮೂರರಲ್ಲೊಂದು ಪಾಲಿನಷ್ಟಕ್ಕೆ ಇಳಿದಿರುತ್ತದೆ. ಉದ್ದವಾದ ತೊಲೆಯನ್ನು ಸರಿಯಾಗಿ ಆನಿಸದಿದ್ದರೆ ಅದು ತನ್ನ ಭಾರಕ್ಕೇ ಜೋಲುತ್ತದೆ. ಒಳಗಿನ ಸಮತೂಕ ಬದಲಾಗುವುದರಿಂದ ಕಷ್ಟಪಟ್ಟು ತಂದ ನೇರವೂ ತಪ್ಪಬಹುದು. ಸೇತುವೆಯಲ್ಲಿ ನಿಂತ ತೊಲೆಯನ್ನು ಕುಲುಮೆಗೆ ಒಯ್ಯುವಂತಿಲ್ಲ. ನಿಂತಲ್ಲಿಯೇ ಒಂದು ಭಾಗವನ್ನು ಕಾಯಿಸಿ ಶಮನ ಮಾಡಹೊರಟರೆ ಕಾದ ಭಾಗದ ಅಂಚಿನಲ್ಲಿ ಹೊಸ ಒತ್ತಡ ಹುಟ್ಟುತ್ತದೆ. ಅದ್ದಿ ಹದಗೊಳಿಸಿದ ಕೆಲವು ಉಕ್ಕುಗಳಲ್ಲಿ ಈ ಬಿಸಿಯು ತಾಳಿಕೆಯನ್ನು ಕುಂದಿಸಬಲ್ಲುದು.

ಆದರೂ ಅಪವಾದಗಳಿವೆ. ಅಳತೆ ಕೂದಲೆಳೆಯಷ್ಟೂ ತಪ್ಪದಂತೆ ಕೊರೆದು ನಯಮಾಡಬೇಕಾದ ಯಂತ್ರಪೀಠಗಳಲ್ಲಿ ಶಮನ ಬೇಕು. ಇಲ್ಲದಿದ್ದರೆ ಲೋಹವನ್ನು ಕೊಯ್ದಂತೆಲ್ಲ ಪೀಠವು ಕದಲುತ್ತದೆ. ಕ್ಷಾರದಂಥ ದ್ರವಗಳ ಸಂಪರ್ಕದಲ್ಲಿ ಎಳೆತದ ಒತ್ತಡವೇ ಬಿರುಕಿಗೆ ಎಡೆಮಾಡುವುದರಿಂದ ಅಲ್ಲಿಯೂ ಬೇಕು. ದಪ್ಪವಾದ ಒತ್ತಡಪಾತ್ರೆಗಳಂತೆ ಮೊದಲೇ ಶಮನವನ್ನು ವಿಧಿಸಿದ ರಚನೆಯನ್ನು ಶಮನದ ಬಳಿಕ ಜ್ವಾಲೆಯಿಂದ ನೇರ್ಪಡಿಸಿದರೆ, ಕಳೆದ ಒತ್ತಡವು ಆ ಎಡೆಯಲ್ಲಿ ಮರಳುತ್ತದೆ. ಆದುದರಿಂದ ನೇರ್ಪಡಿಸುವುದು ಮೊದಲು, ಶಮನ ಆಮೇಲೆ ಎಂಬ ಕ್ರಮವನ್ನು ಪಾಲಿಸಬೇಕು. ಅದುಮಿಕೆಯನ್ನು ಹೊರುವ ಕಂಬಗಳಲ್ಲಿ ಬದಲಾದ ಒತ್ತಡದ ಹಂಚಿಕೆಯನ್ನು ಲೆಕ್ಕದಲ್ಲಿ ಮತ್ತೆ ನೋಡಬೇಕು.

ಎಲ್ಲಕ್ಕಿಂತ ಮಿಗಿಲಾದುದು ತಪಾಸಣೆ. ಲಾರಿಯ ಹೊಡೆತ ತಿಂದ ತೊಲೆಯಲ್ಲಿ ಬಾಗು ಕಣ್ಣಿಗೆ ಬೀಳುತ್ತದೆ. ಬೆಸುಗೆಯ ತುದಿಯ ಕೂದಲ ಬಿರುಕು ಬೀಳುವುದಿಲ್ಲ. ಬಿರುಕಿದ್ದ ತೊಲೆಯನ್ನು ಕುಲುಮೆಯಲ್ಲಿ ಎಷ್ಟು ಕಾಯಿಸಿದರೂ ಬಿರುಕು ಮುಚ್ಚದು. ಒತ್ತಡಶಮನಕ್ಕೆ ತೆಗೆದಿಟ್ಟ ಹಣವನ್ನೂ ಹೊತ್ತನ್ನೂ ಬಿರುಕನ್ನು ಹುಡುಕಲು ವೆಚ್ಚಮಾಡುವುದೇ ಬಹುಸಂದರ್ಭಗಳಲ್ಲಿ ವಿವೇಕವೆಂದು ಕಿಂಗ್ಸ್ ಸೇತುವೆಯ ವೃತ್ತಾಂತ ಹೇಳುತ್ತದೆ.

೯. ಉಪಸಂಹಾರ

ಹ್ಯಾಸೆಲ್ಟ್ ಸೇತುವೆಯು ಬಿದ್ದಾಗ ಕೇಳಿದ ಪ್ರಶ್ನೆಗೂ ಇಂದಿನ ಎಂಜಿನಿಯರನ ಪ್ರಶ್ನೆಗೂ ನಡುವೆ ನಡೆದುದು ಒಂದು ಭಯವು ಅಳತೆಯಾಗಿ ಮಾರ್ಪಟ್ಟ ಕಥೆ. ಮೊದಲು ಉಳಿಕೆ ಒತ್ತಡವು ಎಲ್ಲಕ್ಕೂ ಕಾರಣವೆನಿಸಿತು; ಆಮೇಲೆ ಯಾವುದಕ್ಕೂ ಅಲ್ಲವೆನಿಸಿತು; ಕೊನೆಗೆ ಯಾವ ಜೊತೆಗಾರರೊಡನೆ, ಯಾವ ಪ್ರಮಾಣದಲ್ಲಿ ಎಂಬ ನಿಜವಾದ ಪ್ರಶ್ನೆಗೆ ಬಂದು ನಿಂತಿತು. ಇತಿಹಾಸದ ವಿದ್ಯಾರ್ಥಿಗಳು ಇದರಿಂದ ಕಲಿಯಬೇಕಾದ ಪಾಠ ಸ್ಪಷ್ಟವಾಗಿದೆ. ಬಿದ್ದ ಸೇತುವೆಯನ್ನು ಮಾತ್ರ ನೋಡಿ ಕಾರಣವನ್ನು ಹೇಳಬಾರದು. ಅದೇ ಬಗೆಯಲ್ಲಿ ಕಟ್ಟಿ ಬೀಳದೆ ನಿಂತುದನ್ನೂ ನೋಡಬೇಕು. ರಾಜ್ಯಗಳ ಪತನವನ್ನು ಬರೆಯುವಾಗ ನಾವು ಈ ಎಚ್ಚರವನ್ನು ಎಷ್ಟರಮಟ್ಟಿಗೆ ಪಾಲಿಸುತ್ತೇವೆಂಬುದನ್ನು ನಾವೇ ಕೇಳಿಕೊಳ್ಳಬೇಕು.

ಆದರೆ ಎಂಜಿನಿಯರನಿಗೂ ನಮಗೂ ಒಂದು ಅಂತರವಿದೆ. ನಮ್ಮ ನಿರ್ಣಯ ತಪ್ಪಿದರೆ ಮುಂದಿನ ಸಂಚಿಕೆಯಲ್ಲಿ ತಿದ್ದಿಕೊಳ್ಳಬಹುದು. ನೇರ್ಪಡಿಸಿದ ತೊಲೆಯ ಪತ್ರಕ್ಕೆ ‘ಒತ್ತಡಶಮನ ಅಗತ್ಯವಿಲ್ಲ’ ಎಂದು ಬರೆದು ರುಜು ಹಾಕುವವನ ಮಾತನ್ನು ನಂಬಿ ಮರುದಿನವೇ ಜನ ಆ ಸೇತುವೆಯ ಮೇಲೂ ಕೆಳಗೂ ಓಡಾಡುತ್ತಾರೆ. ಆ ರುಜುವಿಗೆ ಬೆಲೆ ಬರುವುದು ಅದರ ಹಿಂದಿನ ವಿಚಾರಣೆಯನ್ನು ಅರಿತು ಹಾಕಿದಾಗ ಮಾತ್ರ.